ಕಾಳುಮೆಣಸಿನ ಇಲಿ

ಸಹ್ಯಾದ್ರಿಯ ಅರಣ್ಯವೆಂದೊಡನೆ ಆನೆ, ಹುಲಿ, ಕಾಟಿಗಳು ನಮ್ಮ ನೆನಪಿಗೆ ಬರುವುವು. ಆದರೆ ಅದೇ ಅರಣ್ಯದ ಮುದಿ ಮರಗಳ ಪೊಟರೆಗಳಲ್ಲಿ ಹಗಲೆಲ್ಲ ಅಡಗಿದ್ದು, ಇರುಳಿನಲ್ಲಿ ಮಾತ್ರ ಹೊರಬರುವ ಒಂದು ಕಿರುಪ್ರಾಣಿಯುಂಟು. ಕರ್ನಾಟಕ, ಕೇರಳ, ತಮಿಳುನಾಡುಗಳಿಗೆ ಸೇರಿದ ಪಶ್ಚಿಮ ಘಟ್ಟವನ್ನು ಬಿಟ್ಟರೆ ಭೂಮಂಡಲದಲ್ಲಿ ಬೇರೆಲ್ಲಿಯೂ ಅದು ವಾಸಿಸುವುದಿಲ್ಲ. ಆದರೂ ಮಲೆನಾಡಿನಲ್ಲಿಯೇ ಹುಟ್ಟಿ ಬೆಳೆದವರಲ್ಲಿಯೂ ಅದನ್ನು ಕಣ್ಣಾರೆ ಕಂಡವರು ವಿರಳ.

ಇದರ ತಲೆಯೂ ಮೈಯೂ ಸೇರಿ ಸುಮಾರು 5 ಅಂಗುಲ. ಬಾಲವು 3ರಿಂದ 4 ಅಂಗುಲ. ಬೆನ್ನು ಕೆಂಗಂದು ಬಣ್ಣದ್ದು, ಹೊಟ್ಟೆ ಬಿಳುಪು. ಬೆನ್ನಿನ ಮೃದುವಾದ ರೋಮಗಳ ನಡುವೆ ಚಪ್ಪಟೆಯಾದ ಮುಳ್ಳುಗಳು ಹಿಮ್ಮುಖವಾಗಿ ಬೆಳೆದಿರುತ್ತವೆ. ಮನೆಯ ಇಲಿಯ ಬಾಲವು ಬೋಳಾಗಿರುವುದನ್ನು ನಾವೆಲ್ಲರೂ ಬಲ್ಲೆವು. ಇದರ ಬಾಲವಾದರೋ ತುದಿಯ ಕಡೆಗೆ ಕುಂಚದಂತೆ ಪೊದೆಯಾಗಿರುವುದು. 1859ರಲ್ಲಿ ಎಡ್ವರ್ಡ್ ಬ್ಲೈತ್ ಎಂಬ ಪ್ರಾಣಿಶಾಸ್ತ್ರಜ್ಞನು ಇದಕ್ಕೆ ಪ್ಲಾಟಕ್ಯಾಂಥೊಮಿಸ್ ಲೇಸಿಯೂರಸ್ ಎಂದು ನಾಮಕರಣ ಮಾಡಿದನು. ‘ರೋಮಭರಿತವಾದ ಬಾಲವುಳ್ಳ ಚಪ್ಪಟೆಮುಳ್ಳಿನ ಇಲಿ’ ಎಂಬುದೇ ಆ ಗ್ರೀಕ್ ಪದಗಳ ಅರ್ಥ.

ಆ ಕಾಲದಲ್ಲಿ ತಿರುವಾಂಕೂರಿನಲ್ಲಿದ್ದ ರೆವರೆಂಡ್ ಹೆನ್ರಿ ಬೇಕರ್ ಎಂಬ ಮಿಶನರಿಯವರು ಘಟ್ಟದ ಮೇಲೆ ಇದನ್ನು ಹುಡುಕಿ, ಇದರ ನಡೆನುಡಿಗಳನ್ನು ಬರೆದು ತಿಳಿಸಿದರು. ಜರ್ಡನ್ ಎಂಬ ವಿದ್ವಾಂಸನು 1867ರ ತನ್ನ ಗ್ರಂಥದಲ್ಲಿ ಆ ಸಂಗತಿಗಳನ್ನು ಸೇರಿಸಿದ್ದಾನೆ. ಎತ್ತರದ ಕಣಿವೆಗಳ ಮಹಾವೃಕ್ಷಗಳೇ ಇದರ ಮನೆ. ಪೊಟರೆಯೊಳಗೆ ಎಲೆಗಳನ್ನೂ ಹಾವಸೆಯನ್ನೂ ತುಂಬಿ ಗೂಡನ್ನು ಅಣಿಗೊಳಿಸುವುದು. ಹಲಸು, ಹೆಬ್ಬಲಸುಗಳ ಹಣ್ಣು ಇದಕ್ಕೆ ಪ್ರಿಯ. ಬೈನೆ ಮರಕ್ಕೆ ಕಟ್ಟಿದ ಕಳ್ಳಿನ ಗಡಿಗೆಯ ಮುಚ್ಚಳವನ್ನು ಕಡಿದು ಒಳಹೊಕ್ಕು, ಅದರಲ್ಲಿಯೇ ಅರೆ ಮುಳುಗಿ ಸಿಕ್ಕಿಬಿದ್ದುದೂ ಉಂಟು! ಹಣ್ಣಾದ ಕಾಳುಮೆಣಸನ್ನು ಬಹಳವಾಗಿ ತಿಂದುಹಾಕುವುದರಿಂದ ಗಿರಿಜನರು ಇದನ್ನು ‘ಮೆಣಸಿನ ಇಲಿ’ ಎಂದು ಕರೆದರು.

ಹೀಗೆ ಹಾನಿಯಿಂದ ಬಂದ ಹೆಸರೇ ನಿಂತಿತು. ಆದರೆ ಆ ಹೆಸರು ಇದರ ಹಿರಿಮೆಯನ್ನು ಮರೆಮಾಡಿದೆ. ಇದು ಸಾಮಾನ್ಯ ಇಲಿಗಳ ಕುಲಕ್ಕೆ ಸೇರಿದುದಲ್ಲ. ಈ ಜಾತಿಯಲ್ಲಿ ಇಂದು ಉಳಿದಿರುವುದು ಇದೊಂದೇ. ಇದರ ಸಮೀಪಬಂಧುಗಳು ಬಹುದೂರದಲ್ಲಿ, ದಕ್ಷಿಣ ಚೀನ ಮತ್ತು ವಿಯೆಟ್ನಾಂ ದೇಶಗಳ ಬೆಟ್ಟಗಾಡುಗಳಲ್ಲಿ ಮಾತ್ರ ಇರುತ್ತವೆ. ಆದಕಾರಣ ನಮ್ಮ ಘಟ್ಟದಲ್ಲಿ ಇದು ನಶಿಸಿದರೆ ಇದರ ಸ್ಥಾನವನ್ನು ತುಂಬುವ ಪ್ರಾಣಿಯು ಮತ್ತೊಂದಿಲ್ಲ. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟವು ಇದನ್ನು ಅಪಾಯಕ್ಕೀಡಾಗಬಲ್ಲ ಪ್ರಾಣಿಗಳ ಪಟ್ಟಿಯಲ್ಲಿಟ್ಟಿದೆ. ಕಾಡು ಕಡಿದು ತೋಟಗಳಾಗುತ್ತ ಬಂದುದೇ ಇದಕ್ಕೆ ಮುಖ್ಯ ಕಾರಣ.

ಟೊಳ್ಳುಬಿದ್ದ ಮರವು ಹಲಗೆಗೂ ಬಾರದು, ತೊಲೆಗೂ ಬಾರದು. ಅದನ್ನು ಕಡಿದರೆ ನಷ್ಟವೇನೆಂದು ನಾವು ಎಣಿಸುತ್ತೇವೆ. ನಮಗೆ ನಿರರ್ಥಕವಾದ ಆ ಟೊಳ್ಳೇ ಈ ಬಡಜೀವಿಗೆ ಮನೆ. ಎಳೆಯ ಸಸಿಯನ್ನು ಒಂದು ದಿನದಲ್ಲಿ ನೆಡಬಹುದು. ಪೊಟರೆಯುಳ್ಳ ಮುದಿಮರವನ್ನು ಒಂದು ತಲೆಮಾರಿನಲ್ಲಿಯೂ ಬೆಳೆಸಲಾಗದು. ವಾಚಕರಲ್ಲಿ ತೋಟವುಳ್ಳವರು ಅಂಥ ಮರವೊಂದು ತಮ್ಮ ಎಲ್ಲೆಯಲ್ಲಿದ್ದರೆ ಕೊಡಲಿ ಎತ್ತುವ ಮೊದಲು ಒಂದು ಕ್ಷಣ ಯೋಚಿಸಿ, ಅದನ್ನು ನಿಲ್ಲಗೊಡಿರಿ. ಮಕ್ಕಳಿಗೂ ಅದರ ಕಾರಣವನ್ನು ತಿಳಿಸಿರಿ. ನಾಲ್ಕು ಕಾಳು ಮೆಣಸು ಹೋದರೂ ಹೋಗಲಿ, ಈ ಇಲಿಯ ಮನೆಯೊಂದು ಉಳಿಯಲಿ.