ದೂರ ಸೀಮೆಯಿಂದ ದತ್ತು ತಂದ ಮಗು

ನದಿಯ ದಡದಲ್ಲಿ ಅಳುತ್ತಿದ್ದ ಮೋಶೆಯನ್ನು ಫರೋಹನ ಮಗಳು ಕನಿಕರಪಟ್ಟು ಎತ್ತಿಸಿಕೊಂಡದ್ದನ್ನು ನೀವೆಲ್ಲರೂ ಬಲ್ಲಿರಿ. ತರುವಾಯ ನಡೆದದ್ದನ್ನು ನಾವು ಅಷ್ಟಾಗಿ ವಿಚಾರಿಸುವದಿಲ್ಲ. ಹಾಲು ಕುಡಿಯುವ ಕಾಲವೆಲ್ಲಾ ಆ ಕೂಸು ಹೆತ್ತವಳ ಮಡಿಲಲ್ಲಿಯೇ ಬೆಳೆದು, ಆಮೇಲೆ ಅರಮನೆಗೆ ಬಂದಿತು. ಬಲ್ಲ ಕೈಯನ್ನು ಬಿಟ್ಟು, ಅರಿಯದ ಮಾತನ್ನಾಡುವ ಮನೆಗೆ ಸೇರಿತು. ಇದನ್ನು ನಾವು ಎಷ್ಟೋ ಸಾರಿ ಬೋಧಿಸಿದ್ದರೂ, ಇದರ ಭಾರವು ನಮಗೆ ತಿಳಿದದ್ದು ಹಿನಕಲ್ಲಿನ ಒಂದು ಮನೆಯಲ್ಲಿ.

ಹುಣಸೂರು ದಾರಿಯ ಈ ಊರು ಈಗ ಮೈಸೂರು ಪಟ್ಟಣದೊಂದಿಗೆ ಕೂಡಿಹೋಗಿದೆ. ಅಲ್ಲಿಯ ನಮ್ಮ ಸಭೆಯ ದಂಪತಿಗಳು ಹದಿಮೂರು ವರುಷ ಮಕ್ಕಳಿಲ್ಲದೆ ಇದ್ದು, ದತ್ತು ತೆಗೆದುಕೊಳ್ಳಲು ನಿಶ್ಚಯಿಸಿದಾಗ, ಕ್ರೈಸ್ತರಿಗೆ ದತ್ತಕವೇ ಇಲ್ಲವೆಂದು ಬಂಧುಗಳು ಹೆದರಿಸಿದರು. ಹಳಬರ ಮಾತು ಪೂರಾ ಸುಳ್ಳಲ್ಲ. 1956ರ ದತ್ತಕ ಕಾನೂನು ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ ಅನ್ವಯಿಸುವದು. ನಮ್ಮವರು ಸಾಮಾನ್ಯವಾಗಿ 1890ರ ಕಾನೂನಿನ ಪ್ರಕಾರ ಪೋಷಕರೆನಿಸಿಕೊಳ್ಳಬಹುದಾಗಿತ್ತೇ ಹೊರತು ತಂದೆತಾಯಿಗಳಲ್ಲ. ಮಗುವು ಪ್ರಾಯಕ್ಕೆ ಬಂದರೆ ಆ ಪೋಷಕತ್ವವೂ ಮುಗಿಯುತ್ತಿತ್ತು. 2000ದ ಬಾಲನ್ಯಾಯ ಕಾನೂನು ಈ ಬಾಗಿಲನ್ನು ತೆರೆಯಿತು. ಯಾವ ಮತದವರಾದರೂ ಅದರಂತೆ ದತ್ತು ತೆಗೆದುಕೊಳ್ಳಬಹುದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಈಗ ನಡೆಯುವದು 2015ರ ಕಾನೂನು. ಅದರಂತೆ ದತ್ತು ಬಂದ ಮಗುವು ಎಲ್ಲಾ ವಿಷಯದಲ್ಲಿಯೂ ಸ್ವಂತ ಮಗುವೇ.

ಆದರೆ ಆಸ್ಪತ್ರೆಯಿಂದಲೋ ಬಡತಾಯಿಯ ಕೈಯಿಂದಲೋ ಗುಟ್ಟಾಗಿ ಕೂಸನ್ನು ತರುವದು ಅಪರಾಧ. ಮೂರು ವರುಷದ ವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ಬರೆಸಿ ಸರದಿಗೆ ಕಾಯಬೇಕು. ತಿಳಿಯದವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಲಿ.

ಹೀಗೆ ವರುಷಗಟ್ಟಲೆ ಕಾದ ಈ ದಂಪತಿಗಳಿಗೆ ಒಡಿಶಾ ಸೀಮೆಯ ಎರಡೂವರೆ ವರುಷದ ಹೆಣ್ಣು ಮಗುವು ಗೊತ್ತಾಯಿತು. ಅವರು ರೈಲಿನಲ್ಲಿ ಹೋಗಿ, ಕಾಗದಗಳಿಗೆ ರುಜುಹಾಕಿ, ಮಗುವನ್ನು ಕರೆತಂದರು. ಜಿಲ್ಲಾಧಿಕಾರಿಯ ಆಜ್ಞೆಯು ಆಮೇಲೆ ಬಂದಿತು. (ಕಡಲಾಚೆಯಿಂದ ಬರುವ ನಮ್ಮ ಕನ್ನಡದವರಿಗೆ ಇದಕ್ಕಿಂತ ಹೆಚ್ಚು ಕಾಗದಗಳುಂಟು. 1993ರ ಹೇಗ್ ಒಡಂಬಡಿಕೆಯನ್ನು ಭಾರತವು 2003ರಲ್ಲಿ ಅಂಗೀಕರಿಸಿದ್ದರಿಂದ ಎರಡೂ ದೇಶಗಳ ಒಪ್ಪಿಗೆ ಬೇಕು. ಆದರೂ ಮನೆಯೊಳಗಿನ ಕಷ್ಟವು ಎಲ್ಲರಿಗೂ ಒಂದೇ.)

ಇಲ್ಲಿ ನಮ್ಮ ತಪ್ಪನ್ನು ಹೇಳಲೇಬೇಕು. ಮಗು ಬಂದ ಮೂರನೆಯ ದಿನ ಭಾನುವಾರ. ಎಲ್ಲರೂ ಹೋಗಿ ಆಶೀರ್ವದಿಸಿರೆಂದು ಆರಾಧನೆಯ ತರುವಾಯ ನಾವೇ ಪ್ರಕಟಿಸಿದೆವು. ನಾಲ್ವತ್ತು ಮಂದಿ ಮಿಠಾಯಿ ಹಿಡಿದು ಆ ಚಿಕ್ಕ ಮನೆಯನ್ನು ತುಂಬಿದರು. ಕೈಯಿಂದ ಕೈಗೆ ಹೋದ ಮಗುವು ಕಡೆಗೆ ಮಂಚದ ಕೆಳಗೆ ಸೇರಿಕೊಂಡು ಸಾಯಂಕಾಲದ ವರೆಗೆ ಹೊರಗೆ ಬರಲಿಲ್ಲ. ಆ ರಾತ್ರಿಯೆಲ್ಲಾ ಅತ್ತಿತು. ಒಬ್ಬ ಮುದುಕಿಯು, "ಏನವ್ವಾ, ಹೆತ್ತಿದ್ದರಲ್ಲವೇ ಕರುಳು ಹತ್ತುವದು?" ಎಂದು ತಾಯಿಯ ಮುಂದೆಯೇ ಅಂದಳು.

ವಾರ ಕಳೆದ ಮೇಲೆ ಆ ತಾಯಿಯು ನಮ್ಮ ಮನೆಯವರ ಹತ್ತಿರ ಬಂದು, "ಅಮ್ಮನವರೇ, ನನ್ನನ್ನು ಕಂಡರೆ ಮುಖ ತಿರುಗಿಸುತ್ತದೆ. ನನಗೂ ಪ್ರೀತಿ ಹುಟ್ಟಲೊಲ್ಲದು. ನಾನು ಪಾಪಿಯೇ?" ಎಂದು ಅತ್ತಳು. ನಮ್ಮ ಮನೆಯವರು ಬೋಧನೆ ಮಾಡದೆ ಕಾಫಿ ಕೊಟ್ಟರು. ತಮಗೆ ಚೊಚ್ಚಲು ಹೆರಿಗೆಯಾದಾಗಲೂ ತಿಂಗಳೊಪ್ಪತ್ತು ಹಾಗೆಯೇ ಇತ್ತೆಂದು ಹೇಳಿದರು. ಇದು ನಮಗೂ ಹೊಸ ಸುದ್ದಿ!

ಮಗುವಿನ ಅಳುವು ಹಟವಲ್ಲ, ದುಃಖ. ಅದು ಆಯಾಳನ್ನೂ, ಜೊತೆಯ ಮಕ್ಕಳನ್ನೂ, ಹಾಸಿಗೆಯ ವಾಸನೆಯನ್ನೂ ಒಂದೇ ದಿನ ಕಳೆದುಕೊಂಡಿತ್ತು. ಎಲ್ಲರ ಬಳಿಗೂ ನಗುತ್ತಾ ಹೋಗುವ ಮಗುವು ಹೊಂದಿಕೊಂಡಿತೆಂದು ಹಿಗ್ಗುವದೂ ತಪ್ಪು, ಯಾಕಂದರೆ ತನ್ನವರಾರೆಂದು ಅರಿಯದ ಮಗುವಿಗೆ ಎಲ್ಲರೂ ಸಮಾನರು. ಆದಕಾರಣ ಮೊದಲ ತಿಂಗಳುಗಳಲ್ಲಿ ಉಣಿಸುವದು, ಮೀಯಿಸುವದು, ಮಲಗಿಸುವದು ತಂದೆತಾಯಿಗಳ ಕೈಯಿಂದಲೇ ಆಗಲಿ. ನೆರೆಯವರು ಸಹಾಯಮಾಡಬೇಕೆಂದಿದ್ದರೆ ಸಾರು ಮಾಡಿ ಬಾಗಿಲಲ್ಲಿ ಕೊಟ್ಟುಹೋಗಲಿ. ಈ ಮಗುವು ಉಟ್ಟು ಬಂದ ಅಂಗಿಯನ್ನು ಅಜ್ಜಿಯು ಒಗೆಯಹೊರಟಾಗ ತಂದೆಯು ತಡೆದನು. ಅದನ್ನು ಹಿಡಿದುಕೊಂಡೇ ಅದು ನಿದ್ರೆಹೋಗುತ್ತಿತ್ತು. ಮುದ್ದೆಯನ್ನು ಮುಟ್ಟಲಿಲ್ಲ, ಬಲವಂತಮಾಡದೆ ಅನ್ನವನ್ನೂ ಬೇಳೆಯನ್ನೂ ಕೊಟ್ಟರು. ನೀರಿಗೆ 'ಪಾಣಿ' ಎನ್ನುತ್ತಿತ್ತು, ತಾಯಿಯೂ ಹಾಗೆಯೇ ಅನ್ನಲು ಕಲಿತಳು.

ದತ್ತು ಬಂದದ್ದನ್ನು ಮುಚ್ಚಿಡಬೇಕೇ ಎಂದು ಅವರು ನಮ್ಮನ್ನು ಕೇಳಿದರು. ಬೇಡವೆಂದೆವು. ಮುಚ್ಚಿಟ್ಟರೆ ಶಾಲೆಯಲ್ಲಿ ಯಾರೋ ಹಂಗಿಸಿ ತಿಳಿಸುವರು. ರೈಲಿನಲ್ಲಿ ಕರೆತಂದ ಕಥೆಯನ್ನು ಈಗಿಂದಲೇ ಹೇಳುತ್ತಿದ್ದಾರೆ. ಅದಕ್ಕೆ ಆ ಕಥೆಯೇ ಬಲು ಇಷ್ಟ.

ದತ್ತಕವಾದ ಮೇಲೆ ಎರಡು ವರುಷದ ವರೆಗೆ ಆರಾರು ತಿಂಗಳಿಗೊಮ್ಮೆ ಮಗುವಿನ ಕ್ಷೇಮವನ್ನು ನೋಡಿ ವರದಿ ಬರೆಯುವ ನೇಮವುಂಟು. ಮೊದಲನೆಯ ಸಾರಿ ಬಂದವರನ್ನು ಕಂಡು ಮಗುವು ಹೆದರಿ, ಓಡಿಹೋಗಿ ತಾಯಿಯ ಸೆರಗಿನೊಳಗೆ ಮುಖವನ್ನು ಅಡಗಿಸಿಕೊಂಡಿತು. ಬಂದವರು ಇನ್ನೇನೂ ಕೇಳದೆ ಬರೆದುಕೊಂಡರು. ತಾಯಿಯು ಅದನ್ನು ಎತ್ತಿಕೊಂಡು, "ಪಾಣಿ ಬೇಕಾ, ಮಗಾ?" ಎಂದು ಕೇಳುತ್ತಾ ಅಡಿಗೆಮನೆಗೆ ಹೋದಳು.