ತಾರಸಿಯ ಬಿಸಿ, ತಾಮ್ರದ ಪೈಪು

2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ. ಏಪ್ರಿಲ್ ತಿಂಗಳ ಮಟ್ಟಿಗೆ 2016ರ 39.2 ಬಿಟ್ಟರೆ ಅದೇ ಹೆಚ್ಚು. ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾಯುತ್ತಿದ್ದ ದಿನಗಳವು. ಅಂದು ರಾತ್ರಿ ಮಗಳು ಒದ್ದೆ ಟವೆಲ್ ಹೊದ್ದು ನೆಲದ ಮೇಲೆ ಮಲಗಿದಳು. ನಾನು ಈ ಊರಿಗೆ ಬಂದ ಹೊಸದರಲ್ಲಿ ಫ್ಯಾನ್ ಹಾಕಿದರೆ ರಗ್ಗು ಹುಡುಕಬೇಕಿತ್ತು ಎಂದು ಹೇಳಹೊರಟವನು ಅವಳ ಮುಖ ನೋಡಿ ಸುಮ್ಮನಾದೆ.

ನಮ್ಮದು ಕುಂದಲಹಳ್ಳಿ ಗೇಟ್‌ನಿಂದ ಸ್ವಲ್ಪ ಒಳಗೆ, 30x40 ಸೈಟಿನಲ್ಲಿ ಕಟ್ಟಿದ ಎರಡು ಅಂತಸ್ತಿನ ಮನೆ. ಮುಖ ಪಶ್ಚಿಮಕ್ಕೆ. ಮಧ್ಯಾಹ್ನ ಎರಡರಿಂದ ಸೂರ್ಯ ನೇರವಾಗಿ ಹಾಲ್‌ಗೇ ಬಂದು ಕೂರುತ್ತಾನೆ. ಎಸಿ ಬೇಕೇ ಬೇಕು ಎಂದಾಯಿತು. ಆದರೆ ಸೆಂಟ್ರಲ್ ಎಸಿಯೇ ಏಕೆ? ನಿಜ ಹೇಳಿಬಿಡುತ್ತೇನೆ. ಬಂಧುಗಳೊಬ್ಬರ ಮನೆಯಲ್ಲಿ ಗೋಡೆಯ ಮೇಲೆ ಏನೂ ಕಾಣದೆ ಚಾವಣಿಯ ಸಣ್ಣ ಜಾಲರಿಯಿಂದ ತಣ್ಣನೆ ಗಾಳಿ ಬರುವುದನ್ನು ನೋಡಿ ಬಂದಿದ್ದೆವು. "ನಮ್ಮನೇಲಿ ಗೋಡೆಗೆ ಡಬ್ಬ ನೇತಾಕೋದು ಬೇಡ" ಅಂದಳು ಹೆಂಡತಿ. ನನಗೂ ಒಳಗೊಳಗೇ ಅದೇ ಆಸೆ.

ಮನೆಗಳಿಗೆ ಇದು ಎರಡು ಬಗೆಯಲ್ಲಿ ಬರುತ್ತದೆ. ಒಂದೇ ದೊಡ್ಡ ಯಂತ್ರದಿಂದ ತಗಡಿನ ಡಕ್ಟ್ ಎಳೆದು ಕೋಣೆಕೋಣೆಗೆ ಗಾಳಿ ಹಂಚುವುದು ಒಂದು. ಹೊರಗೆ ಒಂದು ಯಂತ್ರ ಇಟ್ಟು, ತಾಮ್ರದ ಪೈಪಿನಲ್ಲಿ ಗ್ಯಾಸ್ ಹರಿಸಿ, ಪ್ರತಿ ಕೋಣೆಯ ಫಾಲ್ಸ್ ಸೀಲಿಂಗ್‌ನಲ್ಲಿ ಒಂದೊಂದು ಚಿಕ್ಕ ಯಂತ್ರ ಅಡಗಿಸುವುದು ಇನ್ನೊಂದು. ಇದಕ್ಕೆ ವಿಆರ್‌ಎಫ್ ಎನ್ನುತ್ತಾರೆ. ಹತ್ತಡಿ ಎತ್ತರದ ನಮ್ಮ ಚಾವಣಿಯಲ್ಲಿ ಬೀಮ್‌ಗಳ ಕೆಳಗೆ ಡಕ್ಟ್ ತೂರಿಸಿದ್ದರೆ ಫ್ಯಾನಿನ ರೆಕ್ಕೆ ತಲೆಗೆ ತಾಗುತ್ತಿತ್ತು. ಹಾಗಾಗಿ ಎರಡನೆಯದೇ ಗತಿ.

ಮೊದಲು ಬಂದ ಡೀಲರ್ ಕಡೆಯ ಹುಡುಗ ಸೋಫಾದಿಂದ ಏಳಲೇ ಇಲ್ಲ. "ಸ್ಕ್ವೇರ್ ಫೀಟ್ ಎಷ್ಟು ಸಾರ್?" ಅಂದ. 1,800 ಅಂದೆ. ಮೊಬೈಲಿನಲ್ಲಿ 150ರಿಂದ ಭಾಗಿಸಿ "12 ಟನ್ ಬೇಕಾಗ್ತದೆ" ಎಂದ. ಎರಡನೆಯವರು 10 ಎಚ್‌ಪಿ ಸಾಕು ಅಂದರು. ಇದು ಅದಕ್ಕಿಂತ ಸ್ವಲ್ಪವೇ ಕಡಿಮೆ ಎಂದುಕೊಂಡೆ. ಮೋಸ ಹೋಗುವುದು ಇಲ್ಲೇ. ಟನ್ ಎಂದರೆ ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖದ ಲೆಕ್ಕ, ಸುಮಾರು ಮೂರೂವರೆ ಕಿಲೋವ್ಯಾಟ್. ವಿಆರ್‌ಎಫ್‌ನವರ ಎಚ್‌ಪಿ ಎಂದರೆ 2.8 ಕಿಲೋವ್ಯಾಟ್. ಅವರ 10 ಎಚ್‌ಪಿ ನಮ್ಮ 8 ಟನ್. ಎರಡು ಕೊಟೇಶನ್ ಪಕ್ಕಪಕ್ಕ ಇಟ್ಟು ಹೋಲಿಸುವ ಮೊದಲು ಎರಡನ್ನೂ ಕಿಲೋವ್ಯಾಟ್‌ಗೆ ಇಳಿಸಿಕೊಳ್ಳಿ.

ನಮ್ಮನ್ನು ಉಳಿಸಿದವರು ಪೀಣ್ಯದಲ್ಲಿ ವರ್ಷಗಟ್ಟಲೆ ಕೋಲ್ಡ್ ಸ್ಟೋರೇಜ್ ನೋಡಿಕೊಂಡು ನಿವೃತ್ತರಾದ ಹಿರಿಯರು, ನಮ್ಮ ತಂದೆಯ ಸ್ನೇಹಿತರು. ಕಾಫಿಯನ್ನೂ ಮುಟ್ಟದೆ ನೇರ ತಾರಸಿಗೆ ಹೋದರು. ಮಧ್ಯಾಹ್ನ ಮೂರು ಗಂಟೆ. ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಟ್ಟವರೇ ಹಿಂದೆ ಸರಿದರು. "ಮೊದಲು ಇಲ್ಲಿಗೆ ದುಡ್ಡು ಹಾಕಪ್ಪ. ಒಲೆ ಹೊತ್ತಿಸಿಟ್ಟು ಕೆಳಗೆ ಫ್ರಿಜ್ ಇಡ್ತೀಯಾ?" ತಾರಸಿಗೆ ಬಿಸಿಲು ವಾಪಸ್ ಕಳಿಸುವ ಬಿಳಿ ಬಣ್ಣ ಎರಡು ಕೋಟ್, ಪಶ್ಚಿಮದ ಕಿಟಕಿಗಳಿಗೆ ಹೊರಗಡೆ ಬಿದಿರಿನ ತಟ್ಟಿ. ಒಳಗೆ ಎಷ್ಟು ದಪ್ಪ ಪರದೆ ಹಾಕಿದರೂ ಗಾಜು ದಾಟಿದ ಬಿಸಿಲು ಮನೆಯೊಳಗೇ ಉಳಿಯುತ್ತದೆ, ಹೊರಗೇ ತಡೆದರೆ ಒಳಗೆ ಬರುವುದೇ ಇಲ್ಲ. ಬಣ್ಣ ಒಣಗಿದ ವಾರದಲ್ಲಿ ಮಹಡಿಯ ಕೋಣೆಯ ಥರ್ಮಾಮೀಟರ್ ಸಂಜೆಯ ಹೊತ್ತಿಗೆ ಮೂರು ಡಿಗ್ರಿ ಕೆಳಗಿತ್ತು. ಯಂತ್ರ ಇನ್ನೂ ಮನೆಗೆ ಬಂದೇ ಇರಲಿಲ್ಲ.

ಆಮೇಲೆ ಅವರು ಕಿಟಕಿ, ಗೋಡೆ, ದಿಕ್ಕು, ಜನ ಎಲ್ಲ ಬರೆದುಕೊಂಡು ಮೆಟ್ಟಿಲು, ಅಡುಗೆಮನೆಯನ್ನು ಲೆಕ್ಕದಿಂದ ಹೊಡೆದುಹಾಕಿ 8 ಎಚ್‌ಪಿಗೆ ತಂದು ನಿಲ್ಲಿಸಿದರು. ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎಂದೆ. ಅಲ್ಲವಂತೆ. ದೊಡ್ಡ ಯಂತ್ರ ಐದೇ ನಿಮಿಷದಲ್ಲಿ ತಂಪು ಮಾಡಿ ನಿಂತುಬಿಡುತ್ತದೆ, ಗಾಳಿಯ ತೇವ ಹಾಗೇ ಉಳಿದು ಮಳೆಗಾಲದಲ್ಲಿ ಹಾಸಿಗೆ ಚಳಿಚಳಿ, ಜಿಗುಟು. ವಿಲಿಸ್ ಕ್ಯಾರಿಯರ್ 1902ರಲ್ಲಿ ಈ ಯಂತ್ರ ರೂಪಿಸಿದ್ದೂ ಮನುಷ್ಯರಿಗೆ ಸುಖವಾಗಲಿ ಎಂದಲ್ಲ, ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಸರಿದಾಡುತ್ತಿದ್ದುದನ್ನು ತಪ್ಪಿಸಲು.

ಕರೆಂಟಿನ ಕಥೆ ಚಿಕ್ಕದು. ನಮ್ಮದು 4 ಕಿಲೋವ್ಯಾಟ್ ಸಿಂಗಲ್ ಫೇಸ್. ಲೋಡ್ ಹೆಚ್ಚಿಸಿ ಥ್ರೀ ಫೇಸ್ ಮಾಡಿಸಲು ಬೆಸ್ಕಾಂಗೆ ಅರ್ಜಿ, ಡೆಪಾಸಿಟ್, ಹೊಸ ಮೀಟರ್. ಯಂತ್ರ ಆರ್ಡರ್ ಮಾಡುವ ಮುಂಚೆಯೇ ಇದನ್ನು ಮುಗಿಸಬೇಕಿತ್ತು. ನಾವು ಹಿಂದುಮುಂದು ಮಾಡಿ, ಪೆಟ್ಟಿಗೆಗಳು ವಾರಗಟ್ಟಲೆ ಹಾಲ್‌ನಲ್ಲಿ ಅತಿಥಿಗಳಂತೆ ಕೂತಿದ್ದವು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ, ಹಾಗಾಗಿ ಬೇಸಿಗೆ ತಿಂಗಳುಗಳಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿಗೂ ಕೈಮುಗಿದೆವು.

ಬ್ರಾಂಡ್ ಯಾವುದು ಎಂದು ನಾನು ಮೂರು ತಿಂಗಳು ತಲೆ ಕೆಡಿಸಿಕೊಂಡೆ. ಪೈಪ್ ಹಾಕಿದ ಮೂರು ದಿನ ಆಫೀಸಿಗೆ ಹೋದೆ. ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ದೊಡ್ಡ ಪೆದ್ದುತನ ಅದೇ. ಕಾರ್ಖಾನೆಯಿಂದ ಬರುವುದು ಅರ್ಧ ಎಸಿ. ಉಳಿದರ್ಧ ತಯಾರಾಗುವುದು ನಿಮ್ಮ ಮನೆಯಲ್ಲಿ, ಏಣಿ ಹತ್ತಿ ಪೈಪ್ ಬೆಸೆಯುವ ಹುಡುಗರ ಕೈಯಲ್ಲಿ. ಬೆಸುಗೆ ಮುಗಿದ ಮೇಲೆ ಪೈಪಿನೊಳಗೆ ನೈಟ್ರೋಜನ್ ತುಂಬಿ, 550 ಪಿಎಸ್‌ಐ ಆಸುಪಾಸು ಒತ್ತಡದಲ್ಲಿ 24 ಗಂಟೆ ಬಿಡಬೇಕು. ಮಾರನೆಯ ದಿನ ಗೇಜಿನ ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ 500 ಮೈಕ್ರಾನ್‌ವರೆಗೆ ಇಳಿಸಬೇಕು. ಒಳಗೆ ತೇವ ಉಳಿದರೆ ಕಂಪ್ರೆಸರ್‌ನ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಯಂತ್ರವನ್ನೇ ತಿನ್ನುತ್ತದೆ. ನಮ್ಮ ಮನೆಯಲ್ಲಿ ಪಂಪ್ ಓಡಿದ್ದು ಇಪ್ಪತ್ತು ನಿಮಿಷ. ನೈಟ್ರೋಜನ್ ಸಿಲಿಂಡರ್ ಕಂಡ ನೆನಪೇ ಅಮ್ಮನಿಗಿಲ್ಲ, ಅವರು ಮೂರೂ ದಿನ ಮನೆಯಲ್ಲೇ ಇದ್ದರು.

ಸೆಪ್ಟೆಂಬರ್‌ನಲ್ಲಿ ಮಗಳ ಕೋಣೆಯಲ್ಲಿ ಬರೀ ಗಾಳಿ. ಬಂದ ಮೆಕ್ಯಾನಿಕ್ "ಗ್ಯಾಸ್ ಮುಗಿದೋಗಿದೆ ಸಾರ್" ಎಂದು ತುಂಬಿಸಿ ಹೋದ. ನವೆಂಬರ್‌ನಲ್ಲಿ ಮತ್ತೆ ಮುಗಿಯಿತು. ಎಸಿಯ ಗ್ಯಾಸ್ ಸ್ಕೂಟರ್‌ನ ಪೆಟ್ರೋಲ್ ಅಲ್ಲ, ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ತೂತಿದೆ. ಪೀಣ್ಯದ ಹಿರಿಯರು ಹೇಳಿದ ಮೇಲೆ ಜಿಪ್ಸಮ್ ಕೊಯ್ದು ನೋಡಿದೆವು, ತೆರೆದು ನೋಡಲು ಬಾಗಿಲೇ ಬಿಟ್ಟಿರಲಿಲ್ಲ. ಟಾರ್ಚ್ ಬೆಳಕಿನಲ್ಲಿ ಒಂದು ಜೋಡಣೆಯ ನಟ್ ಸುತ್ತ ಉಂಗುರದಂಥ ಎಣ್ಣೆ ಜಿಡ್ಡು, ಅದಕ್ಕೆ ಧೂಳು ಮೆತ್ತಿಕೊಂಡಿತ್ತು. ಸೋಪಿನ ನೀರು ಹಚ್ಚಿದಾಗ ಸಾಸಿವೆ ಗಾತ್ರದ ಗುಳ್ಳೆ, ಒಂದರ ಹಿಂದೆ ಒಂದು. ಪೈಪಿನ ತುದಿ ಅರಳಿಸುವಾಗ ಕೂದಲೆಳೆಯಷ್ಟು ಸೀಳಿತ್ತು. ಹತ್ತು ನಿಮಿಷದ ರಿಪೇರಿ, ಚಾವಣಿ ಮುಚ್ಚಲು ನಾಲ್ಕು ದಿನ.

ತೆರೆದಾಗ ಇನ್ನೊಂದು ಗುಟ್ಟೂ ಹೊರಬಿತ್ತು. ಎಸಿಯ ನೀರು ಹೋಗುವ ಪೈಪ್ ಉದ್ದಕ್ಕೂ ಒಂದೇ ಸಮನೆ ಇಳಿಜಾರಾಗಿರಬೇಕು. ನಮ್ಮದು ಬೀಮ್ ಬಂದಲ್ಲಿ ಮೇಲಕ್ಕೆ ಹತ್ತಿ ಇಳಿದಿತ್ತು. ಮಗಳ ಪುಸ್ತಕದ ಕಪಾಟಿನ ಮೇಲೆ ಮೂಡಿದ್ದ ಹಳದಿ ಕಲೆಗೆ ನಾವು ತಾರಸಿಯನ್ನು ಬೈದುಕೊಂಡಿದ್ದೆವು. ಸೀಲಿಂಗ್ ಮುಚ್ಚುವ ಮುನ್ನ ಪ್ರತಿ ಯಂತ್ರದ ತಟ್ಟೆಗೆ ಒಂದು ಚೆಂಬು ನೀರು ಸುರಿದು, ಅದು ಕೆಳಗೆ ಬಕೆಟ್‌ಗೆ ಬೀಳುವುದನ್ನು ಕಣ್ಣಾರೆ ನೋಡಿ. ಈಗ ನಮ್ಮಲ್ಲಿ ಬೀಳುತ್ತಿದೆ, ತುಳಸಿಗೂ ಕರಿಬೇವಿಗೂ ಅದೇ ನೀರು.

ಹೊರಗಿನ ಯಂತ್ರವನ್ನು ಪಕ್ಕದ ಮೂರಡಿ ಓಣಿಯಲ್ಲಿ ಕೂರಿಸಿದ್ದರು. ಎರಡನೆಯ ದಿನವೇ ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ ಕೇಳಿದರು: "ಏನ್ ಸ್ವಾಮಿ, ನಿಮ್ ಮನೆ ತಣ್ಣಗಾಗೋಕೆ ನಮ್ ಅಡಿಗೆಮನೆ ಕಾಯ್ಬೇಕಾ?" ಉತ್ತರ ಇರಲಿಲ್ಲ. ಒಳಗಿನ ಶಾಖವನ್ನು ಹೊರಗೆ ಚೆಲ್ಲುವುದೇ ಎಸಿಯ ಕೆಲಸ, ಯಾರ ಕಡೆಗೆ ಚೆಲ್ಲುತ್ತದೆ ಎಂಬುದನ್ನು ಕೊಟೇಶನ್‌ನಲ್ಲಿ ಯಾರೂ ಬರೆಯುವುದಿಲ್ಲ. ಯಂತ್ರವನ್ನು ತಾರಸಿಗೆ ಸಾಗಿಸಲು ಹೊಸ ಪೈಪು, ಹೊಸ ಕೂಲಿ. ಅಜ್ಜಿ ಆಮೇಲೆ ಅವರೇಕಾಯಿ ಕಳಿಸಿದರು, ಅದು ಬೇರೆ ಮಾತು.

ಎಲ್ಲ ಸೇರಿ ಆರೂವರೆ ಲಕ್ಷ ಮುಟ್ಟಿತು. ನಾನು ಕೊಂಡಾಗ ಜಿಎಸ್‌ಟಿ ಶೇಕಡ 28, 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಈಗ ಕೊಳ್ಳುವವರಿಗೆ ಅಷ್ಟಾದರೂ ಉಳಿಯಿತು. ಕೊನೆಯ ಕಂತು ಮಾತ್ರ ನೈಟ್ರೋಜನ್ ತುಂಬಿದ ಮರುದಿನ ಗೇಜಿನ ಮುಳ್ಳನ್ನು ನೋಡದೆ ಕೊಡಬೇಡಿ.

ಮತ್ತೆ ಹಾಕಿಸುತ್ತೀರಾ ಎಂದು ಆಫೀಸಿನಲ್ಲಿ ಕೇಳುತ್ತಾರೆ. ಇಲ್ಲ. ಬಿಳಿ ತಾರಸಿ, ಬಿದಿರಿನ ತಟ್ಟಿ, ಮಹಡಿಯ ಎರಡು ಮಲಗುವ ಕೋಣೆಗೆ ಎರಡು ಇನ್ವರ್ಟರ್ ಸ್ಪ್ಲಿಟ್, ನಮ್ಮ ಮನೆಗೆ ಇಷ್ಟು ಸಾಕಿತ್ತು. ಹಾಲ್‌ನ ಯಂತ್ರ ಕಳೆದ ಜೂನ್‌ನಿಂದ ಫೆಬ್ರುವರಿವರೆಗೆ ಒಂದು ದಿನವೂ ಓಡಿಲ್ಲ.