ಮನೆಯ ಉದ್ಯೋಗಕ್ಕೆ ಕಾಟಾ, ಫೋನು, ಖಿರ್ದಿ



ಸೋಲಾಪುರ, ಅಕ್ಕಲಕೋಟ, ಜತ್ತ ಈ ಭಾಗದ ನಮ್ಮ ಮನೆಗಳಲ್ಲಿ ಖಡಕ್ ರೊಟ್ಟಿ ಬಡಿಯುವುದನ್ನೂ ಶೇಂಗಾ ಚಟ್ನಿ ಕುಟ್ಟುವುದನ್ನೂ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಈಗ ಇವೆರಡೂ ಪೇಟೆಯ ಮಾಲಾಗಿವೆ. ಅನೇಕ ತಾಯಂದಿರು ಇದನ್ನೇ ಉದ್ಯೋಗವಾಗಿ ಹಿಡಿದಿದ್ದಾರೆ. ಆದರೆ ನಾವು ಹೋದ ಹೋದಲ್ಲಿ ಕೇಳುವ ಮಾತು ಒಂದೇ: “ಗುರುಗಳೇ, ಮಾಲು ಹೋಗುತ್ತದೆ, ರೊಕ್ಕ ಉಳಿಯುವುದಿಲ್ಲ.” ಹೀಗಾಗುವುದು ರುಚಿ ಕೆಟ್ಟದ್ದರಿಂದಲ್ಲ, ಬಹುಮಟ್ಟಿಗೆ ಲೆಕ್ಕ ಸೋರುವುದರಿಂದ. ಆ ಸೋರಿಕೆಯನ್ನು ಕಾಣಿಸುವ ಸಾಧನಗಳು ಮೂರು: ಎಲೆಕ್ಟ್ರಾನಿಕ್ ಕಾಟಾ, ಕೈಯಲ್ಲಿಯ ಫೋನು, ಹಳೆಯ ಖಿರ್ದಿ ವಹಿ. ಮೊದಲಿನ ಎರಡನ್ನು ಕೊಂಡು ಮೂರನೆಯದನ್ನು ಬಿಟ್ಟವರೇ ಹೆಚ್ಚು.

ಮೊದಲು ಕಾಟಾ. ಅದರ ತಟ್ಟೆಯ ಕೆಳಗೆ ಒಂದು ಲೋಹದ ಪಟ್ಟಿ ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಪಟ್ಟಿಗೆ ಅಂಟಿಸಿದ ಸಣ್ಣ ತಂತಿಯೂ ಅದರೊಡನೆ ಎಳೆಯಲ್ಪಟ್ಟು, ಅದರಲ್ಲಿ ಹರಿಯುವ ವಿದ್ಯುತ್ತು ತುಸು ವ್ಯತ್ಯಾಸವಾಗುತ್ತದೆ. ಆ ವ್ಯತ್ಯಾಸವನ್ನೇ ಯಂತ್ರವು ಅಂಕಿ ಮಾಡಿ ತೋರಿಸುತ್ತದೆ. ಇಷ್ಟು ತಿಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ತಟ್ಟೆಯ ಮೇಲೆ ಚೀಲವನ್ನು ಧೊಪ್ಪೆಂದು ಒಗೆದರೆ ಪಟ್ಟಿ ಖಾಯಂ ಆಗಿ ಬಾಗೀತು. ಓರೆ ನೆಲದ ಮೇಲೆ ಇಟ್ಟರೆ ಅಂಕಿ ಸುಳ್ಳಾದೀತು. ಅದಕ್ಕಾಗಿಯೇ ಅನೇಕ ಕಾಟಾಗಳಲ್ಲಿ ನೀರುಗುಳ್ಳೆಯ ಗಾಜು ಇಟ್ಟಿರುತ್ತಾರೆ. ಗುಳ್ಳೆಯು ನಡುವಿಗೆ ಬರುವವರೆಗೆ ಕಾಲುಗಳನ್ನು ತಿರುವಬೇಕು. ಮೇಲೆ ಪಂಖಾ ತಿರುಗುತ್ತಿದ್ದರೆ ನಿಲ್ಲಿಸಬೇಕು.

ವಾರಕ್ಕೊಮ್ಮೆ ಪರೀಕ್ಷೆ ಮಾಡುವುದು ಸುಲಭ. ಮುದ್ರೆಯೊತ್ತಿದ ಒಂದು ಕಿಲೋ ಕಲ್ಲನ್ನು ತಟ್ಟೆಯ ನಡುವೆಯೂ ನಾಲ್ಕು ಮೂಲೆಗಳಲ್ಲಿಯೂ ಇಟ್ಟು ನೋಡಿರಿ. ಐದು ಕಡೆಗೂ ಅದೇ ಅಂಕಿ ಬರಬೇಕು. ಬರದಿದ್ದರೆ ರಿಪೇರಿಯವನ ಕಡೆಗೆ ಒಯ್ಯಿರಿ. ಸ್ವತಃ ಬಿಚ್ಚಬಾರದು, ಮುದ್ರೆ ಒಡೆಯುತ್ತದೆ.

‘ಟೇರ್’ ಎಂಬ ಗುಂಡಿಯ ಉಪಯೋಗವನ್ನು ಅನೇಕರು ಅರಿಯರು. ಖಾಲಿ ಡಬ್ಬಿಯನ್ನಿಟ್ಟು ಈ ಗುಂಡಿ ಒತ್ತಿದರೆ ಅಂಕಿ ಸೊನ್ನೆಗೆ ಬರುತ್ತದೆ. ಬಳಿಕ ತುಂಬಿದ ಮಾಲಿನ ತೂಕವಷ್ಟೇ ಕಾಣುತ್ತದೆ. ಕಾಯಿದೆಯಂತೆ ಪಾಕೀಟಿನ ಮೇಲೆ ಬರೆಯತಕ್ಕದ್ದು ಮಾಲಿನ ನಿವ್ವಳ ತೂಕ. ಪಾಕೀಟಿನ ತೂಕ ಅದರಲ್ಲಿ ಸೇರದು.

ಇನ್ನು ಸೋರಿಕೆಯ ಮಾತು. 200 ಗ್ರಾಮಿನ ಚಟ್ನಿ ಪಾಕೀಟಿಗೆ 60 ರೂಪಾಯಿ ಎಂದಿಟ್ಟುಕೊಳ್ಳೋಣ. ಕಡಿಮೆ ಬೀಳಬಾರದೆಂದು ಪ್ರತಿಯೊಂದಕ್ಕೂ 8 ಗ್ರಾಮು ಹೆಚ್ಚು ತುಂಬಿದರೆ ನೂರು ಪಾಕೀಟಿಗೆ 800 ಗ್ರಾಮು ಹೋಯಿತು. ಅಂದರೆ ನಾಲ್ಕು ಪಾಕೀಟು, 240 ರೂಪಾಯಿ. ಕಡಿಮೆ ತುಂಬುವುದಂತೂ ಅಪರಾಧ. ಆದುದರಿಂದ ಸಣ್ಣ ಪಾಕೀಟಿಗೆ ಐದೈದು ಗ್ರಾಮಿಗೆ ಜಿಗಿಯುವ ದೊಡ್ಡ ಕಾಟಾ ಸಾಲದು, ಒಂದೊಂದು ಗ್ರಾಮನ್ನು ತೋರಿಸುವುದು ಬೇಕು. ರೊಟ್ಟಿಯನ್ನು ಎಣಿಸಿ ಮಾರುತ್ತೇವೆ, ಅದಕ್ಕೆ ಕಾಟಾ ಏತಕ್ಕೆ ಎನ್ನಬಹುದು. ಒಂದು ಕಿಲೋ ಹಿಟ್ಟಿಗೆ 20 ಆಗುತ್ತಿದ್ದ ರೊಟ್ಟಿ 17ಕ್ಕೆ ಇಳಿದಿದ್ದರೆ ಉಂಡೆಯನ್ನು ತೂಗದೆ ಅದು ಗೊತ್ತಾಗುವುದು ಹೇಗೆ?

1956ರಲ್ಲಿ ರಾಜ್ಯಗಳ ಗಡಿಗೆರೆಗಳನ್ನು ಹೊಸದಾಗಿ ಎಳೆದರು. ದೇಶಕ್ಕೆಲ್ಲ ಒಂದೇ ತೂಕವೆಂಬ ಕಾಯಿದೆಯೂ ಅದೇ ವರ್ಷ ಆಯಿತು. ಆದ್ದರಿಂದ ಅಕ್ಕಲಕೋಟದ ಕಿಲೋ ಆಳಂದದಲ್ಲಿಯೂ ಕಿಲೋವೇ. ಈಗ ನಡೆಯುತ್ತಿರುವುದು 2009ರ ಕಾಯಿದೆ. ಅದರ ಕೆಳಗಿನ 2011ರ ನಿಯಮಗಳಂತೆ ವ್ಯಾಪಾರದ ಎಲೆಕ್ಟ್ರಾನಿಕ್ ಕಾಟಾಕ್ಕೆ 12 ತಿಂಗಳಿಗೊಮ್ಮೆ, ಕೈತಕ್ಕಡಿಗೂ ಕಲ್ಲುಗಳಿಗೂ 24 ತಿಂಗಳಿಗೊಮ್ಮೆ ಮುದ್ರೆ ಆಗಬೇಕು. ಮಹಾರಾಷ್ಟ್ರದಲ್ಲಿ ಆ ಕಚೇರಿಯ ಫಲಕದ ಮೇಲೆ ‘ವೈಧ ಮಾಪನ ಶಾಸ್ತ್ರ’ ಎಂದಿರುತ್ತದೆ. ಕರ್ನಾಟಕದಲ್ಲಿ ಅದನ್ನೇ ‘ಕಾನೂನು ಮಾಪನಶಾಸ್ತ್ರ’ ಎನ್ನುತ್ತಾರೆ. ಅಡಿಗೆಮನೆಗೆಂದು ಅಗ್ಗಕ್ಕೆ ಸಿಗುವ, ಮುದ್ರೆಯಿಲ್ಲದ ಕಾಟಾ ಮನೆಯೊಳಗಿನ ಅಳತೆಗೆ ನಡೆದೀತು, ಮಾರಾಟಕ್ಕೆ ನಡೆಯದು.

ಫೋನಿನ ವಿಷಯ ಬೇಗ ಮುಗಿಸುತ್ತೇವೆ, ಏಕೆಂದರೆ ನಮ್ಮ ಮಕ್ಕಳು ನಮಗಿಂತ ಹೆಚ್ಚು ಬಲ್ಲರು. 2016ರಲ್ಲಿ ಆರಂಭವಾದ ಯುಪಿಐಯಿಂದ ಗಿರಾಕಿಯ ಬ್ಯಾಂಕಿನ ಖಾತೆಯಿಂದ ನಮ್ಮ ಖಾತೆಗೆ ರೊಕ್ಕ ನೇರವಾಗಿ ಬರುತ್ತದೆ. ಬರುವ ರೊಕ್ಕಕ್ಕೆ ಪಿನ್ ಬೇಡ. ಪಿನ್ ಬೇಕಾಗುವುದು ರೊಕ್ಕ ಕೊಡುವಾಗ. “ರೊಕ್ಕ ಕಳಿಸಿದ್ದೇನೆ, ಪಿನ್ ಒತ್ತಿ ತೆಗೆದುಕೊಳ್ಳಿರಿ” ಎನ್ನುವವನು ಕಳ್ಳನೆಂದೇ ತಿಳಿಯಿರಿ. ಗಿರಾಕಿಯ ಫೋನಿನಲ್ಲಿಯ ಹಸಿರು ಗುರುತನ್ನು ನಂಬಬೇಡಿರಿ, ನಮ್ಮ ಖಾತೆಗೆ ಜಮಾ ಆದುದನ್ನು ನೋಡಬೇಕು. ಗೋಡೆಗೆ ಹಚ್ಚಿದ ಸ್ಕ್ಯಾನರ್ ಚೀಟಿಯ ಮೇಲೆ ಬೇರೊಬ್ಬರು ತಮ್ಮದನ್ನು ಅಂಟಿಸಿ ಹೋಗುವುದುಂಟು. ಬೆಳಿಗ್ಗೆ ಅಂಗಡಿ ತೆರೆದಾಗ ಮನೆಯ ಇನ್ನೊಂದು ಫೋನಿನಿಂದ ಅದನ್ನು ನೋಡಿ, ನಿಮ್ಮ ಹೆಸರೇ ಬರುವುದೋ ಎಂದು ಖಾತ್ರಿ ಮಾಡಿಕೊಳ್ಳಿರಿ. ಮೋಸವಾದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು. ಕೂಗಿ ಹೇಳುವ ಪೆಟ್ಟಿಗೆಗೆ ಬಾಡಿಗೆ ಕೇಳಿದರೆ, ದಿನಕ್ಕೆ ಹತ್ತು ಪಾಕೀಟು ಮಾರುವವರಿಗೆ ಅದು ಬೇಡವೆಂದು ನಮ್ಮ ಅಭಿಪ್ರಾಯ. ಭೀಮ್ ಆ್ಯಪಿನಲ್ಲಿ ಕನ್ನಡವೂ ಉಂಟು. ನಮ್ಮಲ್ಲಿ ಸರಕಾರದ ಕಾಗದ ಮರಾಠಿಯಲ್ಲಿ ಬರುತ್ತದೆ, ಫೋನಾದರೂ ಕನ್ನಡದಲ್ಲಿರಲಿ.

ಆದರೆ ಫೋನು ತನ್ನ ಕಡೆ ಬಂದ ರೊಕ್ಕವನ್ನಷ್ಟೇ ಬಲ್ಲದು. ರೋಖ ಎಷ್ಟು, ಉದರಿ ಎಷ್ಟು, ಬೀಗರ ಮನೆಗೆ ಹೋದ ಪಾಕೀಟುಗಳು ಎಷ್ಟು ಎಂಬುದು ಅದಕ್ಕೆ ತಿಳಿಯದು. ಇದಕ್ಕೆ ಖಿರ್ದಿ ಬೇಕು. ಒಂದು ದಿನದ ಹಾಳೆ ಹೀಗಿರಲಿ: ನಿನ್ನೆ ಉಳಿದದ್ದು 15, ಇಂದು ತಯಾರಾದದ್ದು 60, ಕೂಡಿ 75. ಮಾರಿದ್ದು 52, ಮನೆಗೆ 2, ಉಳಿದದ್ದು 21. ಅದೂ ಕೂಡಿ 75, ಮಾಲು ಸರಿಹೋಯಿತು. ಇನ್ನು ರೊಕ್ಕ: 52 ಪಾಕೀಟಿಗೆ 3,120 ರೂಪಾಯಿ ಬರತಕ್ಕದ್ದು. ರೋಖ 1,440, ಫೋನಿನಲ್ಲಿ 1,320, ಉದರಿ 360. ಸರಿಹೋಯಿತು. ಸರಿಹೋಗದಿದ್ದರೆ ಅದೇ ರಾತ್ರಿ ಹುಡುಕಬೇಕು. ನಾಲ್ಕು ದಿನದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಐದನೆಯ ಇಯತ್ತೆಯ ಮಗುವಿಗೆ ಈ ಕೆಲಸ ಒಪ್ಪಿಸಿರಿ, ಶಾಲೆಯ ಗಣಿತಕ್ಕೂ ಹದ ಬರುತ್ತದೆ.

ಖರ್ಚಿನ ಬದಿಯಲ್ಲಿ ಎರಡು ಸಾಲುಗಳನ್ನು ನಮ್ಮವರು ಬರೆಯುವುದೇ ಇಲ್ಲ. ಮೊದಲನೆಯದು ಹೊಲದ ಶೇಂಗಾದ ಬೆಲೆ. ಹೊಲದಿಂದ ಬಂದದ್ದು ಪುಕ್ಕಟೆಯಲ್ಲ. ಅಂದಿನ ಪೇಟೆಯ ಧಾರಣೆಯನ್ನು ಹಿಡಿಯಬೇಕು. 10 ಕಿಲೋ ಕಾಯಿ ಸುಲಿದರೆ ಬೀಜ 7 ಕಿಲೋದ ಆಸುಪಾಸು ಬರುತ್ತದೆ. ಹುರಿದು ಸಿಪ್ಪೆ ಹಾರಿಸಿದರೆ ಇನ್ನೂ ಇಳಿಯುತ್ತದೆ. ನಿಮ್ಮ ಮನೆಯ ಇಳಿತವನ್ನು ಒಮ್ಮೆ ಕಾಟಾದಲ್ಲಿ ತೂಗಿ ಬರೆದಿಟ್ಟುಕೊಳ್ಳಿರಿ. ಎರಡನೆಯದು ಹೆಣ್ಣುಮಕ್ಕಳ ಕೂಲಿ. ಒಲೆಯ ಮುಂದೆ ಆರು ತಾಸು ಕೂತವಳ ಕೂಲಿಯನ್ನು ಸೊನ್ನೆ ಎಂದು ಹಿಡಿದರೆ ಯಾವ ಉದ್ಯೋಗವೂ ಲಾಭದ್ದೆಂದೇ ಕಾಣುತ್ತದೆ. ಹೊಲಕ್ಕೆ ಹೋದರೆ ಅವಳಿಗೆ ಸಿಗುವ ದಿನಗೂಲಿಯನ್ನು ಇಲ್ಲಿಯೂ ಬರೆಯಿರಿ. ಇವೆರಡನ್ನೂ ಹಿಡಿದ ಮೇಲೆ 60 ರೂಪಾಯಿ ಸಾಲದೆಂದು ಕಂಡರೆ ದರ ಏರಿಸಬೇಕು, ಇಲ್ಲವೆ ಆ ಮಾಲನ್ನು ಬಿಡಬೇಕು.

ಮಲಗುವ ಮುಂಚೆ ಅಂದಿನ ಹಾಳೆಯ ಒಂದು ಫೋಟೋ ಫೋನಿನಲ್ಲಿ ತೆಗೆದಿಡಿರಿ. ವಹಿಯ ಮೇಲೆ ಎಣ್ಣೆ ಚೆಲ್ಲಿದರೂ ಲೆಕ್ಕ ಉಳಿದಿರುತ್ತದೆ.